ಮ್ಯಾಚಿಂಗ್ ಈರಣ್ಣನ ಮುಂದಿನ ಹಲ್ಲು

ಬಿಳಿಯಲ್ಲಿ ಎಷ್ಟು ಬಗೆ ಎಂದು ಯಾರಾದರೂ ಕೇಳಿದರೆ ನೀವು ‘ಬಿಳಿ ಅಂದರೆ ಬಿಳಿ, ಅದರಲ್ಲೇನು ಬಗೆ’ ಎಂದುಬಿಡಬಹುದು. ನಾನು ಹಾಗೆನ್ನುವ ಆಸಾಮಿಯಲ್ಲ. ಹಾಲುಬಿಳಿ, ಹಾಫ್ ವೈಟ್, ಕ್ರೀಮ್, ಬಾದಾಮಿ, ಚಂದನ, ಬೆಣ್ಣೆ, ಹಳೇ ಬೆಣ್ಣೆ ಎಂದು ಒಂದೇ ಉಸಿರಿಗೆ ಹೇಳಿ, ಒಂದೊಂದನ್ನೂ ಕಪಾಟಿನಿಂದ ತೆಗೆದು ನಿಮ್ಮ ಮುಂದೆ ಹರವುತ್ತೇನೆ. ಹಿರಿಯೂರಿನ ಪೇಟೆ ಬೀದಿಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಹೆಂಗಸರು ಸೀರೆ ತರುತ್ತಾರೆ. ಅದಕ್ಕೆ ಹೊಂದುವ ರವಿಕೆ ಬಟ್ಟೆ, ಲೈನಿಂಗು, ಲಂಗದ ಬಟ್ಟೆ, ದಾರ ಎಲ್ಲವನ್ನೂ ನಾನು ಕಣ್ಣಳತೆಯಲ್ಲೇ ಆರಿಸಿ ಕೊಡುತ್ತೇನೆ. ಐಮಂಗಲ, ಆದಿವಾಲದ ಕಡೆಯವರು ಸೀರೆ ಎಲ್ಲೇ ತೆಗೆಯಲಿ, ಮ್ಯಾಚಿಂಗಿಗೆ ಮಾತ್ರ ನನ್ನಲ್ಲಿಗೇ ಬರಬೇಕು. ಊರಿನಲ್ಲಿ ನನ್ನನ್ನು ಮ್ಯಾಚಿಂಗ್ ಈರಣ್ಣ ಎಂದೇ ಕರೆಯುತ್ತಾರೆ. ಈರಣ್ಣ ಅಪ್ಪ ಇಟ್ಟ ಹೆಸರು. ಮ್ಯಾಚಿಂಗ್ ಎಂಬುದು ನನ್ನ ಸ್ವಯಾರ್ಜಿತ.

ಇಂಥ ನಾನು ನನ್ನದೇ ಬಾಯಿಯ ಒಂದೇ ಒಂದು ಹಲ್ಲಿಗೆ ಬಣ್ಣ ಹೊಂದಿಸಲಾರದೆ ಹೋದೆ ಎಂದು ಊರಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಹೊಂದಿಸಿದ್ದೆ. ಬಹಳ ಚೆನ್ನಾಗಿ ಹೊಂದಿಸಿದ್ದೆ. ಎಡವಟ್ಟಾದದ್ದೇ ಅಲ್ಲಿ!

ನಮ್ಮ ಕಸುಬಿನಲ್ಲಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತೇವೆ. ಅಂಚಿಗೆ ಒಂದು ಸಣ್ಣ ಕಚ್ಚು ಹಾಕಿ ಎರಡೂ ಕೈಯಲ್ಲಿ ಎಳೆದರೆ ಬಟ್ಟೆ ನೂಲಿನ ಗುಂಟ ಚರ್ರನೆ ನೇರವಾಗಿ ಹರಿದು ಬರುತ್ತದೆ. ಆ ಕಚ್ಚು ಹಾಕಲು ಕತ್ತರಿ ಇದೆ. ಆದರೆ ವ್ಯಾಪಾರದ ಹೊತ್ತಿನಲ್ಲಿ ಆ ಕತ್ತರಿ ಎಲ್ಲಿರುತ್ತದೆ ಎಂಬುದು ಇಂದಿಗೂ ಬಗೆಹರಿಯದ ಪ್ರಶ್ನೆ. ಹೀಗಾಗಿ ನಾನು ಹಲ್ಲನ್ನೇ ಬಳಸುತ್ತಿದ್ದೆ. ಅಂಚನ್ನು ಮುಂದಿನ ಹಲ್ಲಿಗೆ ಕೊಟ್ಟು ‘ಕಟ್’ ಎನ್ನಿಸಿ, ‘ಚರ್ರ್’ ಎಂದು ಹರಿದು, ಮಡಚಿ ಗಿರಾಕಿಯ ಮುಂದಿಟ್ಟರೆ ಅದರಲ್ಲೊಂದು ಗತ್ತು ಇರುತ್ತದೆಂಬುದು ನನ್ನ ನಂಬಿಕೆ. ಅಂಗಡಿಯ ಮೂಲೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಸೀರೆಗಳಿಗೆ ಫಾಲ್ಸ್ ಹಚ್ಚುವ ನನ್ನ ಹೆಂಡತಿ ಗಿರಿಜ ಮಾತ್ರ ಅದನ್ನು ಇಲಿ ಬುದ್ಧಿ ಎನ್ನುತ್ತಿದ್ದಳು.

ಒಂದು ದಿನ ಐಮಂಗಲದ ಪಾರ್ವತಮ್ಮನವರು ಲಂಗದ ಬಟ್ಟೆಗೆಂದು ಬಂದರು. ಇವರ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ದೊಡ್ಡ ಮನೆಯ ಹಿರಿಯ ಹೆಂಗಸು. ಅವರು ಒಂದು ಅಂಗಡಿಯನ್ನು ಚೆನ್ನಾಗಿದೆ ಎಂದರೆ ಆ ಮಾತು ಅವರು ಹತ್ತಿದ ಬಸ್ಸಿಗಿಂತ ಮೊದಲು ಐಮಂಗಲ ಮುಟ್ಟುತ್ತದೆ. ಚೆನ್ನಾಗಿಲ್ಲ ಎಂದರೆ ಇನ್ನೂ ಬೇಗ ಮುಟ್ಟುತ್ತದೆ. ಅಂಥವರು ಅಂದು ಕುಂತು, ನೀರು ಕುಡಿದು, ಸಮಾಧಾನವಾಗಿ ಹೇಳಿದರು: ‘ಮೊಮ್ಮಗಳ ಮದುವೆ ಗೊತ್ತಾಗೈತೆ ಈರಣ್ಣ. ಮನೆಯೋರ ಸೀರೆ ಎಲ್ಲಾ ನಿನ್ ತಾವೇ ತರ್ತೀನಿ. ಒಂದೊಂದಕ್ಕೂ ನೀನೇ ನೋಡಿ ಕೊಡ್ಬೇಕು, ನಿನ್ ಕಣ್ ಮ್ಯಾಗೆ ನಂಗೆ ನಂಬ್ಕೆ.’

ನನಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು. ಮದುಮಗಳ ಸೀರೆ, ಬೀಗರಿಗೆ ಕೊಡುವ ಸೀರೆ, ಸೋದರತ್ತೆಯರ ಸೀರೆ, ಎಲ್ಲವೂ ನನ್ನ ಕಣ್ಣ ಮುಂದೆ ಸಾಲುಗಟ್ಟಿದವು. ಆ ಖುಷಿಯಲ್ಲಿ ಲಂಗದ ಬಟ್ಟೆಯ ಅಂಚನ್ನು ಬಾಯಿಗೆ ಕೊಟ್ಟು ಎಂದಿಗಿಂತ ಜೋರಾಗಿ ಕಚ್ಚಿದೆ. ‘ಕಟ್’ ಎಂದಿತು. ಬಟ್ಟೆ ಹಾಗೇ ಇತ್ತು!

ಮುರಿದ ಚೂರು ಹಾರಿ ಎಲ್ಲೋ ಬಿತ್ತು. ಅದನ್ನು ಡಾಕ್ಟರ ಬಳಿ ಒಯ್ದರೆ ಅಂಟಿಸುತ್ತಾರೆ ಎಂದು ನನಗೆ ಹೊಳೆದದ್ದೇ ತಡ, ಮಂಡಿಯೂರಿ ಹಾಫ್ ವೈಟ್ ಬಟ್ಟೆಗಳ ರಾಶಿಯಲ್ಲಿ ಹುಡುಕತೊಡಗಿದೆ. ಪಾರ್ವತಮ್ಮನವರೂ ಕನ್ನಡಕ ಹಾಕಿಕೊಂಡು ಬಗ್ಗಿದರು. ಗಿರಿಜ ಮಿಷನ್ನು ನಿಲ್ಲಿಸಿ ಕೂತಲ್ಲಿಂದಲೇ ಹೇಳಿದಳು: ‘ಹಾಫ್ ವೈಟ್‌ನಾಗೆ ಯಾಕೆ ಹುಡುಕ್ತೀರಿ? ಕಾಫಿ ಕಲರ್‌ನಾಗೆ ನೋಡ್ರಿ.’ ಸಿಕ್ಕಿದ್ದು ಅಲ್ಲೇ.

ಅವಳ ಮಾತಿಗೆ ಕಾರಣವಿತ್ತು. ಮದುವೆಯಾದಾಗಿನಿಂದಲೂ ನಾನು ಎಲೆ ಅಡಿಕೆಯ ಭಕ್ತ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ದೀಪ ಹಚ್ಚಿದ ಮೇಲೆ ಒಮ್ಮೆ ಹಾಕಿಕೊಂಡರೆ, ಉಳಿದದ್ದನ್ನು ಗಿರಾಕಿಗಳು ಬಂದ ಹಾಗೆ ಹೊಂದಿಸಿಕೊಳ್ಳುತ್ತಿದ್ದೆ. ನಡುವೆ ಚಹಾ. ಹೀಗೆ ವರ್ಷಗಟ್ಟಲೆ ಬಣ್ಣ ಹಿಡಿದು ನನ್ನ ಹಲ್ಲುಗಳು ಒಂದು ಹದಕ್ಕೆ ಬಂದಿದ್ದವು. ಎಲ್ಲವೂ ಒಂದೇ ಹದ. ಅದರಲ್ಲಿ ನನಗೆ ಯಾವ ಕುಂದೂ ಕಂಡಿರಲಿಲ್ಲ, ಏಕೆಂದರೆ ಒಂದಕ್ಕೊಂದು ಮ್ಯಾಚ್ ಆಗುತ್ತಿದ್ದವಲ್ಲ.

ನಮ್ಮೂರಿನ ಹಲ್ಲಿನ ಡಾಕ್ಟರು ಸಹನಾ ಎಂಬ ಹುಡುಗಿ. ಅವಳ ತಾಯಿ ನನ್ನ ಹಳೆಯ ಗಿರಾಕಿ. ತಾಯಿಯ ಸೆರಗು ಹಿಡಿದು ನನ್ನ ಅಂಗಡಿಗೆ ಬಂದು ಬಣ್ಣದ ದಾರದ ಉಂಡೆಗಳನ್ನು ಉರುಳಿಸುತ್ತಿದ್ದ ಮಗು ಈಗ ನನ್ನ ಬಾಯಿಗೆ ಕನ್ನಡಿ ಹಾಕಿ ನೋಡುತ್ತಿತ್ತು. ಕಾಗದದಲ್ಲಿ ಸುತ್ತಿ ತಂದಿದ್ದ ಚೂರನ್ನು ಕೊಟ್ಟೆ. ಅದನ್ನು ಇನ್ನು ಅಂಟಿಸಲು ಬರುವುದಿಲ್ಲ ಎಂದಳು. ಹಲ್ಲು ನರದವರೆಗೂ ಮುರಿದಿದೆ, ಮೊದಲು ನರದ ಚಿಕಿತ್ಸೆ ಮಾಡಬೇಕು, ಆಮೇಲೆ ಉಳಿದ ಮೋಟು ಹಲ್ಲನ್ನು ಸುತ್ತಲೂ ತೇಯ್ದು ಅದರ ಮೇಲೆ ಪಿಂಗಾಣಿಯ ಕ್ಯಾಪ್ ಕೂರಿಸಬೇಕು ಎಂದು ವಿವರಿಸಿದಳು.

ನನಗೆ ಹೆದರಿಕೆಯಾಗಬೇಕಿತ್ತು. ಆದದ್ದು ಕುತೂಹಲ! ಕ್ಯಾಪ್ ಯಾರು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ, ಅಳತೆ ಹೇಗೆ ಕಳಿಸುತ್ತೀರಿ, ಬಿದ್ದು ಹೋಗುವುದಿಲ್ಲವೇ, ಬಿಸಿ ಚಹಾ ತಾಗಿದರೆ ಸುಡುತ್ತದೆಯೇ ಎಂದು ಕೇಳುತ್ತಲೇ ಹೋದೆ. ಬಾಯಲ್ಲಿ ಹತ್ತಿ ಇಟ್ಟರೂ ನಿಲ್ಲಿಸಲಿಲ್ಲ. ಪಾಪ, ಆ ಹುಡುಗಿ ಎಲ್ಲಕ್ಕೂ ಉತ್ತರ ಕೊಟ್ಟಳು. ಅಚ್ಚು ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸುತ್ತಾರಂತೆ, ಅಲ್ಲಿ ಪಿಂಗಾಣಿಯನ್ನು ಪದರ ಪದರವಾಗಿ ಹಚ್ಚಿ ಕುಲುಮೆಯಲ್ಲಿ ಸುಡುತ್ತಾರಂತೆ. ಬೇಕಾದರೆ ಅಕ್ಕಪಕ್ಕದ ಹಲ್ಲುಗಳ ಮುಂಭಾಗಕ್ಕೂ ವೆನೀರ್ ಎಂಬ ಉಗುರಿನಷ್ಟು ತೆಳ್ಳಗಿನ ಪಿಂಗಾಣಿ ಹಚ್ಚಬಹುದು, ಎಲ್ಲವೂ ಒಂದೇ ಸಮ ಬೆಳ್ಳಗೆ ಕಾಣುತ್ತವೆ ಎಂದಳು. ನನಗೆ ಥಟ್ಟನೆ ಅರ್ಥವಾಯಿತು. ಅದು ಹಲ್ಲಿಗೆ ಹಚ್ಚುವ ಫಾಲ್ಸ್! ಗಟ್ಟಿ ಸೀರೆಗೆ ಫಾಲ್ಸ್ ಯಾಕೆ, ಕ್ಯಾಪ್ ಒಂದೇ ಸಾಕು ಎಂದೆ.

ನರದ ಚಿಕಿತ್ಸೆ ಮುಗಿದು ಬಣ್ಣ ನೋಡುವ ದಿನ ಬಂತು. ಅದಕ್ಕಾಗಿ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಸಹನಾ ಒಂದು ಪಟ್ಟಿಯನ್ನು ಹೊರತೆಗೆದಳು. ನೋಡಿ ನನ್ನ ಎದೆ ಝಲ್ಲೆಂದಿತು. ನಾವು ದಾರದ ಬಣ್ಣಗಳ ಕಾರ್ಡ್ ಇಟ್ಟುಕೊಳ್ಳುವುದಿಲ್ಲವೇ, ಅದೇ ರೀತಿ ಸಾಲಾಗಿ ಹಲ್ಲುಗಳು. ಒಂದು ಸಾಲು ಕೆಂಚು, ಒಂದು ಹಳದಿ, ಒಂದು ಬೂದಿ. ಇಷ್ಟು ವರ್ಷ ನಾನು ಬಟ್ಟೆಯಲ್ಲಿ ಕಂಡ ಬಿಳಿಗಳೆಲ್ಲ ಬಾಯಿಗೂ ಉಂಟೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಆ ಪಟ್ಟಿಯನ್ನು ಅವಳ ಕೈಯಿಂದ ಇಸಿದುಕೊಂಡು ಮುದ್ದಾಡುವುದೊಂದು ಬಾಕಿ.

‘ಅಂಕಲ್, ಮೊದ್ಲು ಹಲ್ಲೆಲ್ಲ ಕ್ಲೀನ್ ಮಾಡಾಣ, ಕರೆ ಹೋಗ್ಲಿ. ಆಮೇಲೆ ಬಣ್ಣ ನೋಡಾಣ’ ಎಂದಳು ಸಹನಾ.

ಇಲ್ಲಿ ನಾನು ನಕ್ಕೆ. ಮುರಿದ ಹಲ್ಲಿನಲ್ಲೇ ನಕ್ಕೆ. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ ಎಂದು ನಮ್ಮ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅದನ್ನು ಹೇಳಿದರೆ ಅವಳು ಹಾಗೇನೂ ಆಗುವುದಿಲ್ಲ ಎಂದು ಒಂದು ಪ್ಲಾಸ್ಟಿಕ್ ದವಡೆ ತೋರಿಸಿ ಪಾಠ ಶುರುಮಾಡಿದಳು. ಆಗ ನಾನು ನನ್ನ ಕಸುಬಿನ ಬ್ರಹ್ಮಾಸ್ತ್ರವನ್ನೇ ಬಿಟ್ಟೆ.

‘ಡಾಕ್ಟ್ರಮ್ಮ, ಗಿರಾಕಿ ಸೀರೆ ತಂದ್ರೆ ನಾವು ಮೊದ್ಲು ಒಗ್ಕಂಡು ಬರ್ರಿ ಅಂತೀವಾ? ಸೀರೆ ಹೆಂಗೈತೋ ಹಂಗೇ ಮ್ಯಾಚ್ ಮಾಡಿ ಕೊಡ್ಬೇಕು. ಅದೇ ಕಸುಬು.’

ಕರೆ ಎಂದರೆ ಬಣ್ಣವಲ್ಲ, ಅದು ಕೊಳೆ, ಇವತ್ತಲ್ಲ ನಾಳೆ ತೆಗೆಯಲೇಬೇಕಾಗುತ್ತದೆ, ಆಮೇಲೆ ಕ್ಯಾಪಿನ ಬಣ್ಣ ಬದಲಾಯಿಸಲು ಬರುವುದಿಲ್ಲ ಎಂದು ಅವಳು ಬಿಡಿಸಿ ಬಿಡಿಸಿ ಹೇಳಿದಳು. ಎಲೆ ಅಡಿಕೆಯನ್ನೂ ಬಿಡಬೇಕೆಂದಳು. ನಾನು ಹೂಂ ಎನ್ನುತ್ತಾ ಪಟ್ಟಿ ಹಿಡಿದು ಹೊರಗೆ ಹೊರಟಿದ್ದೆ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡುವುದು ನಮ್ಮಲ್ಲಿ ಮಹಾಪಾಪ. ಬಿಸಿಲು ಬೇಕು. ಹಿರಿಯೂರಿನಲ್ಲಿ ಬಿಸಿಲಿಗೇನು ಬರವೇ?

ಆಸ್ಪತ್ರೆಯ ಮುಂದೆ ಬೀದಿಯಲ್ಲಿ ನಿಂತು, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಹಲ್ಲಿನ ಪಟ್ಟಿ ಹಿಡಿದು, ಒಂದೊಂದೇ ಹಲ್ಲನ್ನು ತುಟಿಯ ಬಳಿ ಇಟ್ಟು ನೋಡತೊಡಗಿದೆ. ನಮ್ಮೂರಿನಲ್ಲಿ ಒಬ್ಬ ಮನುಷ್ಯ ಬೀದಿಯಲ್ಲಿ ನಿಂತು ಆಕಾಶ ನೋಡಿದರೆ ನಾಲ್ಕು ಜನ ಸೇರಿ ತಾವೂ ನೋಡುತ್ತಾರೆ. ಇದು ಬಾಯಿ! ಚಹಾ ಅಂಗಡಿಯ ಮಂಜಣ್ಣ ಸೌಟು ಹಿಡಿದೇ ಬಂದ. ಹೂವಿನ ರತ್ನಮ್ಮ ಮೊಳ ಹಾಕುವುದನ್ನು ಬಿಟ್ಟು ಬಂದಳು. ಬಸ್ಸಿಗೆ ಹೊರಟಿದ್ದವನೊಬ್ಬ ಬಸ್ಸನ್ನು ಬಿಟ್ಟ. ಒಬ್ಬರು ಬೂದಿ ಸಾಲಿನ ಕೊನೆಯದು ಎಂದರು, ಇನ್ನೊಬ್ಬರು ಕೆಂಚು ಎಂದರು. ‘ಇದ್ರಾಗೆ ಇಲ್ಲ ಬಿಡಪ್ಪ, ನಿಂದು ಬ್ಯಾರೇ ಬಣ್ಣ’ ಎಂದ ಮಂಜಣ್ಣ. ಬಾಗಿಲಲ್ಲಿ ನಿಂತಿದ್ದ ಸಹನಾ ಪಟ್ಟಿಯನ್ನು ಒಳಗೆ ತನ್ನಿ ಅಂಕಲ್ ಎಂದು ಕರೆದು ಕರೆದು ಸುಸ್ತಾದಳು.

ಮಂಜಣ್ಣ ಹೇಳಿದ್ದು ನಿಜ. ಪಟ್ಟಿಯಲ್ಲಿದ್ದ ಅತಿ ಗಾಢವಾದ ಹಲ್ಲು ಕೂಡ ನನ್ನದರ ಮುಂದೆ ಮದುಮಗಳ ಹಲ್ಲಿನಂತಿತ್ತು. ನಾನು ಸೋಲಲಿಲ್ಲ. ಮ್ಯಾಚಿಂಗಿನವನು ಇಲ್ಲ ಎನ್ನುವ ಹಾಗಿಲ್ಲ. ಅತಿ ಗಾಢವಾದದ್ದನ್ನೇ ಆರಿಸಿ, ಅದರ ಮೇಲೆ ಲ್ಯಾಬಿನವರು ಬಣ್ಣ ಎಳೆಯಬಲ್ಲರೇ ಎಂದು ಕೇಳಿದೆ. ಎಳೆಯಬಲ್ಲರಂತೆ! ಹಾಗಾದರೆ ಮೈ ಹಳೇ ಬೆಣ್ಣೆ ಇರಲಿ, ಬುಡಕ್ಕೊಂದು ಕಂದು ಬಾರ್ಡರ್ ಬರಲಿ, ತುದಿಗೆ ತೆಳುವಾಗಿ ಚಹಾ ಓಡಲಿ, ಎಡಗಡೆ ಒಂದು ಗೆರೆ ಇರಲಿ ಎಂದು ಸೀರೆ ನೇಯಿಸುವವನಂತೆ ಹೇಳಿದೆ. ಬೇಕಂತಲೇ ಹಲ್ಲಿಗೆ ಕೊಳೆ ಹಾಕಿಸುತ್ತಿರುವ ಮೊದಲ ಮನುಷ್ಯ ನಾನೇ ಎಂದು ಸಹನಾಳಿಗೆ ಅನ್ನಿಸಿರಬೇಕು. ಕೊನೆಗೆ ನಿಟ್ಟುಸಿರು ಬಿಟ್ಟು, ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿದಳು.

ಕ್ಯಾಪ್ ಬಂತು. ಕೂರಿಸಿ ಕನ್ನಡಿ ಕೊಟ್ಟರು. ನೋಡಿದೆ. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ತದ್ರೂಪ! ಬೆಂಗಳೂರಿನಲ್ಲಿ ಕೂತ ಯಾರೋ ಪುಣ್ಯಾತ್ಮ ನನ್ನ ವರ್ಷಗಳ ಎಲೆ ಅಡಿಕೆಯನ್ನು ಒಂದು ವಾರದಲ್ಲಿ ಜಗಿದು ಮುಗಿಸಿದ್ದ. ಯಾವುದು ಹಳೆಯದು, ಯಾವುದು ಹೊಸದು ಎಂದು ನಾನೇ ನಾಲಿಗೆಯಿಂದ ತಡವಿ ಖಾತ್ರಿ ಮಾಡಿಕೊಳ್ಳಬೇಕಾಯಿತು.

ಇಷ್ಟು ದೊಡ್ಡ ಗೆಲುವನ್ನು ಬಾಯೊಳಗೇ ಇಟ್ಟುಕೊಳ್ಳಲಾಗುತ್ತದೆಯೇ? ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಸಿಕ್ಕಸಿಕ್ಕವರನ್ನು ನಿಲ್ಲಿಸಿ, ಬಾಯಿ ತೆರೆದು, ಹೊಸ ಹಲ್ಲು ಯಾವುದು ಹೇಳಿ ನೋಡೋಣ ಎಂದು ಸವಾಲು ಹಾಕಿದೆ. ಯಾರಿಗೂ ಗೊತ್ತಾಗಲಿಲ್ಲ. ಮಂಜಣ್ಣ ಮೂರು ಸಲ ತಪ್ಪು ಹೇಳಿ ಸೋತ. ರತ್ನಮ್ಮ ಒಂದು ಸಲ ಇಣುಕಿ, ಎಲ್ಲಾ ಒಂದೇ ಥರ ಅವೆ ಬಿಡು ಈರಣ್ಣ ಎಂದು ಮೂಗಿಗೆ ಸೆರಗು ಹಿಡಿದಳು. ಅದನ್ನೂ ನಾನು ಮೆಚ್ಚುಗೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಅಂಗಡಿಗೆ ಬಂದು ಗಿರಿಜಳಿಗೆ ದಿಗ್ವಿಜಯವನ್ನೆಲ್ಲ ವರದಿ ಮಾಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: ‘ಊರಿಗೆಲ್ಲ ಬಾಯಿ ತೋರಿಸ್ಕಂಡು ಬಂದ್ರಲ್ಲ, ಒಬ್ರಾದ್ರೂ ಚೆನ್ನಾಗೈತೆ ಅಂದ್ರಾ?’ ನಾನು ನೆನಪಿಸಿಕೊಂಡೆ. ಗೊತ್ತಾಗುವುದಿಲ್ಲ ಎಂದಿದ್ದರು, ಒಂದೇ ಥರ ಎಂದಿದ್ದರು. ಅದೊಂದು ಮಾತನ್ನು ಮಾತ್ರ ಯಾರೂ ಅಂದಿರಲಿಲ್ಲ. ಅದನ್ನು ಎಲೆ ಅಡಿಕೆ ಹಾಕಿಕೊಂಡು ಮರೆತೆ.

ಕೆಲವು ವಾರ ಹೀಗೇ ಸುಖವಾಗಿ ಕಳೆಯಿತು. ಆಮೇಲೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರತೊಡಗಿತು. ಮೊದಮೊದಲು ಎಲೆಯ ಕೆಂಪಿರಬೇಕು ಎಂದುಕೊಂಡೆ. ಎಲೆ ಹಾಕದ ಬೆಳಗಿನಲ್ಲೂ ಬಂದಾಗ ಸಹನಾಳ ಬಳಿ ಹೋದೆ. ಹಲ್ಲಿನ ಬುಡದಲ್ಲಿ ಕೊಳೆ ಕಲ್ಲಾಗಿ ಕೂತು ವಸಡು ಊದಿಕೊಂಡಿದೆ, ಈಗಲೇ ತೆಗೆಯದಿದ್ದರೆ ಕ್ಯಾಪಿನ ಹಲ್ಲೂ ಸೇರಿ ಎಲ್ಲವೂ ಅಲ್ಲಾಡುತ್ತವೆ ಎಂದಳು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎಂದು ಹೆದರಿದ್ದವನಿಗೆ ಕ್ಲೀನ್ ಮಾಡಿಸದಿದ್ದರೆ ಸಡಿಲವಾಗುತ್ತವೆ ಎಂದು ತಿಳಿದಾಗ ಬೇರೆ ದಾರಿ ಇರಲಿಲ್ಲ. ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದೆ. ಯಂತ್ರ ಕಿರ್ರೆಂದಿತು, ನೀರು ಚಿಮ್ಮಿತು, ನನ್ನ ಜೀವಮಾನದ ಎಲೆ ಅಡಿಕೆ ಚೂರು ಚೂರಾಗಿ ಬೋಗುಣಿಗೆ ಬಿತ್ತು.

ಕನ್ನಡಿ ಕೊಟ್ಟರು. ನನ್ನ ಬಾಯಿಯಲ್ಲಿ ಯಾರದೋ ಹಲ್ಲುಗಳಿದ್ದವು. ಬಾದಾಮಿ ಅಲ್ಲ, ಹಳೇ ಬೆಣ್ಣೆ ಅಲ್ಲ. ಹೆಚ್ಚುಕಡಿಮೆ ಹಾಫ್ ವೈಟ್! ಈ ಬಣ್ಣ ಇಷ್ಟು ವರ್ಷ ಒಳಗೇ ಇತ್ತೇ ಎಂದು ಆಶ್ಚರ್ಯದಿಂದ ನೋಡುತ್ತಾ ಹೋದೆ. ನಟ್ಟನಡುವೆ ಬಂದಾಗ ಎದೆ ಧಸಕ್ಕೆಂದಿತು. ಕ್ಯಾಪ್ ಅಲ್ಲೇ ಇತ್ತು. ಕಂದು ಬಾರ್ಡರು, ಚಹಾ ತುದಿ, ಎಡಗಡೆಯ ಗೆರೆ, ಒಂದೂ ಕದಲದೆ ಹಾಗೇ ಇತ್ತು. ನೀರು ಬಿದ್ದದ್ದೇ ಸೀರೆ ಬಣ್ಣ ಬಿಟ್ಟಿತ್ತು. ರವಿಕೆ ಬಿಟ್ಟಿರಲಿಲ್ಲ!

ಇದನ್ನೂ ಒಂದು ಸಲ ಉಜ್ಜಮ್ಮ ಎಂದು ಬೇಡಿಕೊಂಡೆ. ಅದು ಮೇಲೆ ಹತ್ತಿದ ಬಣ್ಣವಲ್ಲ, ಕುಲುಮೆಯಲ್ಲಿ ಸುಟ್ಟು ಕೂರಿಸಿದ ಬಣ್ಣ, ನೀವು ಹೇಳಿದ ಹಾಗೇ ಮಾಡಿದಾರೆ ಅಂಕಲ್ ಎಂದಳು. ಅವಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು. ಕ್ಯಾಪ್ ತೆಗೆದು ಹೊಸದು ಮಾಡಬಹುದು, ಆದರೆ ವಸಡು ವಾಸಿಯಾಗುವವರೆಗೆ ಕಾಯಬೇಕು ಎಂದು ಹೇಳಿ ಕಳಿಸಿದಳು.

ಅಂಗಡಿಗೆ ಬಂದರೆ ಗಿರಿಜ ಒಂದು ಸುದ್ದಿ ಹೇಳಿದಳು. ಪಾರ್ವತಮ್ಮನವರು ಫೋನ್ ಮಾಡಿದ್ದರಂತೆ. ಸೀರೆಗಳನ್ನೆಲ್ಲ ತೆಗೆದುಕೊಂಡು ಈ ವಾರವೇ ಬರುತ್ತಾರಂತೆ. ಆಗ ನನಗೆ ನಿಜವಾದ ಭಯವಾಯಿತು. ಮ್ಯಾಚಿಂಗ್ ಸೆಂಟರಿನ ಗಲ್ಲಾದ ಮೇಲೆ ಮ್ಯಾಚ್ ಆಗದ ಹಲ್ಲಿನವನೊಬ್ಬ ಕೂತಿದ್ದರೆ ಯಾವ ಹೆಂಗಸು ಅವನ ಕೈಗೆ ರೇಷ್ಮೆ ಸೀರೆ ಕೊಡುತ್ತಾಳೆ? ಬೋಳುತಲೆಯವನ ಬಳಿ ಕೂದಲು ಬೆಳೆಯುವ ಎಣ್ಣೆ ಕೊಂಡ ಹಾಗಲ್ಲವೇ! ಪಾರ್ವತಮ್ಮ ಒಬ್ಬರು ಕೈಬಿಟ್ಟರೆ ಐಮಂಗಲ ಇಡೀ ಕೈಬಿಟ್ಟಂತೆ. ಅಪ್ಪನ ಕಾಲದಿಂದ ಬಂದ ಅಂಗಡಿ, ಅದರ ಮರ್ಯಾದೆ ಒಂದು ಹಲ್ಲಿನ ಮೇಲೆ ನಿಂತಿತ್ತು.

ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ಕ್ಯಾಪನ್ನು ಬೆಳ್ಳಗೆ ಮಾಡುವುದು. ಇನ್ನೊಂದು, ಉಳಿದ ಹಲ್ಲುಗಳನ್ನು ಮತ್ತೆ ಕಂದು ಮಾಡುವುದು. ಎರಡನೆಯದು ಹೆಚ್ಚು ಶಾಸ್ತ್ರೀಯವೆಂದು ತೋರಿದ್ದರಿಂದ ಅದನ್ನೇ ಮೊದಲು ಹಿಡಿದೆ. ಅಂಗಡಿಯ ಹಿಂದೆ ನಿಂತು ಎಲೆ, ಅಡಿಕೆ, ಸುಣ್ಣ, ಕಾಚು ಎಲ್ಲ ಧಾರಾಳವಾಗಿ ಹಾಕಿ, ಕೆಲಸ ಎಂದುಕೊಂಡು ನಿಷ್ಠೆಯಿಂದ ಜಗಿದೆ. ವರ್ಷಗಳ ಬಣ್ಣ ಎರಡು ದಿನಕ್ಕೆ ಎಲ್ಲಿಂದ ಬರಬೇಕು? ವಸಡು ಉರಿಯಿತು, ಅಷ್ಟೇ. ವಾಸನೆ ಹಿಡಿದು ಬಂದ ಗಿರಿಜ ಅಡಿಕೆ ಡಬ್ಬಿಯನ್ನು ಕಿತ್ತುಕೊಂಡು ಹೋದಳು. ಅದು ಎಲ್ಲಿದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಆಮೇಲೆ ಮೊದಲ ದಾರಿಗೆ ಬಂದೆ. ನಿಂಬೆ ಸಿಪ್ಪೆಯಲ್ಲಿ ಉಜ್ಜಿದೆ. ಅಡುಗೆ ಸೋಡದಲ್ಲಿ ಉಜ್ಜಿದೆ. ಕ್ಯಾಪ್ ಇನ್ನೂ ಹೊಳಪಾಯಿತು, ಕಂದು ಇನ್ನೂ ಎದ್ದು ಕಂಡಿತು. ಕೊನೆಗೆ ನನ್ನ ಕಣ್ಣು ಬಿದ್ದದ್ದು ನಮ್ಮದೇ ಅಂಗಡಿಯ ಟೈಲರ್ ಚಾಕ್‌ಪೀಸಿನ ಮೇಲೆ. ಬಟ್ಟೆಯ ಮೇಲೆ ಗುರುತು ಹಾಕುವ ಬಿಳಿ ಸೀಮೆಸುಣ್ಣ. ಹಲ್ಲನ್ನು ಟವೆಲ್ಲಿನಿಂದ ಒಣಗಿಸಿ ಅದರ ಮೇಲೆ ಚಾಕ್‌ಪೀಸು ಎಳೆದು ನೋಡಿದೆ. ಅಹಾ! ಕಂದು ಮುಚ್ಚಿತು. ಒಂದೇ ತೊಡಕೆಂದರೆ ತುಟಿ ತಾಗಬಾರದು, ಎಂಜಲು ತಾಗಬಾರದು, ಮಾತಾಡಬಾರದು.

ಅವರು ಬರುವ ದಿನ ಚಾಕ್‌ಪೀಸು ಬಳಿದುಕೊಂಡು, ಮೇಲ್ತುಟಿಯನ್ನು ಮೂಗಿನ ಕಡೆಗೆ ಎತ್ತಿ ಹಿಡಿದು ಗಲ್ಲಾದ ಮೇಲೆ ಕೂತೆ. ಪಾರ್ವತಮ್ಮನವರು ಬಂದರು, ಸೀರೆ ಗಂಟನ್ನು ಗಲ್ಲಾದ ಮೇಲಿಟ್ಟರು, ಚೆನ್ನಾಗಿದ್ದೀಯೇನಪ್ಪ ಎಂದರು. ನಾನು ಹಲ್ಲು ಬಿಟ್ಟುಕೊಂಡು ತಲೆಯಾಡಿಸಿದೆ. ಮೊಮ್ಮಗಳ ಮಾವನಿಗೆ ಹುಷಾರಿಲ್ಲ ಎಂದರು. ಅದಕ್ಕೂ ಹಲ್ಲು ಬಿಟ್ಟುಕೊಂಡೇ ತಲೆಯಾಡಿಸಿದೆ. ಅವರು ಮೆಲ್ಲಗೆ ಗಿರಿಜಳ ಕಡೆ ಬಗ್ಗಿ ಕೇಳಿದರು: ‘ಯಾಕಮ್ಮ, ಈರಣ್ಣಂಗೆ ಲಕ್ವ ಹೊಡೆದೈತಾ?’

ಗಿರಿಜಳಿಗೆ ನಗು ತಡೆಯಲಾಗಲಿಲ್ಲ. ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ಇಲ್ಲವ್ವಾ ಎನ್ನಲು ನಾನು ಬಾಯಿ ಆಡಿಸಿದೆ. ಚಾಕ್‌ಪೀಸು ಕರಗಿ ಗದ್ದದ ಮೇಲೆ ಬಿಳಿ ನೀರಾಗಿ ಇಳಿಯಿತು. ಕಂದು ಹಲ್ಲು ಹೊರಬಂತು. ಪಾರ್ವತಮ್ಮ ಆ ಹಲ್ಲನ್ನು ನೋಡಿದರು. ಅಕ್ಕಪಕ್ಕದ ಹಲ್ಲುಗಳನ್ನು ನೋಡಿದರು. ತಮ್ಮ ಗಂಟನ್ನು ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾನು ಎಲ್ಲವನ್ನೂ ಬಡಬಡನೆ ಹೇಳಿದೆ: ಕ್ಯಾಪು, ಬಿಸಿಲು, ಪಟ್ಟಿ, ನಾನೇ ಬಣ್ಣ ಆರಿಸಿದ್ದು. ಆ ಕೊನೆಯದನ್ನು ಹೇಳಬಾರದಿತ್ತು.

‘ನೀನೇ ಆರಿಸಿದ್ದಾ?’ ಎಂದರು. ಗಂಟನ್ನು ಮಡಿಲಿಗೆ ಎಳೆದುಕೊಂಡರು. ‘ಇರ್ಲಿ ಬಿಡಪ್ಪ. ಇನ್ನೊಂದಿನ ಬರ್ತೀನಿ.’

ವ್ಯಾಪಾರ ಮಾಡಿದವರಿಗೆ ಗೊತ್ತು, ‘ಇನ್ನೊಂದಿನ’ ಎಂಬ ದಿನ ಕ್ಯಾಲೆಂಡರಿನಲ್ಲಿಲ್ಲ. ಅಂದು ರಾತ್ರಿ ಊಟ ಸೇರಲಿಲ್ಲ. ಗಿರಿಜ ಕೂಡ ಛೇಡಿಸಲಿಲ್ಲ. ಬಡಿಸುತ್ತಾ, ಅವರು ಬೇರೆ ಕಡೆ ಹೋಗುವವರಲ್ಲ, ಮೊದಲು ಬಾಯಿ ಸರಿ ಮಾಡಿಸಿಕೊಳ್ಳಿ ಎಂದಳು.

ವಸಡು ವಾಸಿಯಾದ ಮೇಲೆ ಸಹನಾ ಹಳೆಯ ಕ್ಯಾಪನ್ನು ಕೊರೆದು ತೆಗೆದಳು. ಬಣ್ಣದ ಪಟ್ಟಿ ಹೊರಬಂದಾಗ ನನ್ನ ಕೈ ತಾನಾಗಿಯೇ ಚಾಚಿತು. ಆ ಕೈಯನ್ನು ತೊಡೆಯ ಕೆಳಗೆ ಹಾಕಿ ಕೂತೆ. ಅವಳು ಕಿಟಕಿಯ ಬೆಳಕಿನಲ್ಲಿ ಪಟ್ಟಿ ಹಿಡಿದು ಒಂದು ಕ್ಷಣ ನೋಡಿ ಇದು ಎಂದಳು. ನಾನು ಅಭಿಪ್ರಾಯ ಹೇಳಲಿಲ್ಲ. ನನ್ನ ಜೀವಮಾನದಲ್ಲಿ ಬಣ್ಣದ ವಿಷಯಕ್ಕೆ ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು, ಅದೂ ಬಾಯಿ ತೆರೆದುಕೊಂಡು! ಹೊಸ ಕ್ಯಾಪ್ ಬಂತು. ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ನೋಡಿ ಬರೋಣವೆಂದು ದಿನಕ್ಕೆ ನಾಲ್ಕು ಸಲ ಕನ್ನಡಿಯ ಬಳಿ ಹೋಗುತ್ತಿದ್ದೆ.

ಗಿರಿಜ ಐಮಂಗಲಕ್ಕೆ ಫೋನ್ ಮಾಡಿದಳು. ಅಲ್ಲಿಂದ ಹೂಂ ಎಂದೂ ಇಲ್ಲ, ಉಹೂಂ ಎಂದೂ ಇಲ್ಲ. ಮದುವೆ ಹತ್ತಿರ ಬರುತ್ತಿತ್ತು. ಆ ಕಡೆಯ ಬಸ್ಸು ಬಂದಾಗಲೆಲ್ಲ ನಾನು ಬಾಗಿಲಿಗೆ ಬಂದು ಇಣುಕುತ್ತಿದ್ದೆ. ಕಡೆಗೊಂದು ಮಧ್ಯಾಹ್ನ ಪಾರ್ವತಮ್ಮನವರು ಇಳಿದರು. ಕಂಕುಳಲ್ಲಿ ಗಂಟಿತ್ತು. ಬಂದು ಕುಂತರು. ಗಂಟನ್ನು ಮಾತ್ರ ಕೆಳಗಿಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡು ಅದರ ಮೇಲೆ ಕೈಯಿಟ್ಟರು.

‘ಎಲ್ಲಿ, ಬಾಯಿ ತೆಗಿ’ ಎಂದರು.

ತೆಗೆದೆ. ಕನ್ನಡಕ ಹಾಕಿಕೊಂಡು, ನನ್ನ ಗದ್ದ ಹಿಡಿದು ಈ ಕಡೆ ಆ ಕಡೆ ತಿರುಗಿಸಿ, ಸೀರೆಯ ಜರಿ ನೋಡುವವರಂತೆ ನಿಧಾನವಾಗಿ ನೋಡಿದರು. ಗಿರಿಜಳ ಮಿಷನ್ನು ನಿಂತಿತ್ತು. ಕಡೆಗೆ ಅವರು ಬೆರಳಿಟ್ಟು, ‘ಇದೇ ತಾನೆ ಹೊಸಾದು?’ ಎಂದರು.

ಅವರ ಬೆರಳು ಇದ್ದದ್ದು ಪಕ್ಕದ ಹಲ್ಲಿನ ಮೇಲೆ. ಅದು ನನ್ನದು! ನನ್ನ ಸ್ವಂತದ್ದು!

‘ಇನ್ನೂ ಒಂಚೂರು ಬ್ಯಾರೆ ಐತೆ ನೋಡು. ಅದ್ರ ಪಕ್ಕದ್ದು ನೋಡು, ದೇವ್ರು ಕೊಟ್ಟಿದ್ದು, ಹೆಂಗೈತೆ. ಮನುಷ್ಯ ಏನೇ ಮಾಡಿದ್ರೂ ದೇವ್ರ ಕೆಲ್ಸದ ಮುಂದೆ ಗೊತ್ತಾಗೇ ಆಗ್ತೈತೆ.’

ದೇವರು ಕೊಟ್ಟ ಆ ಪಕ್ಕದ್ದು ಬೆಂಗಳೂರಿನಿಂದ ಕೊರಿಯರಿನಲ್ಲಿ ಬಂದದ್ದು. ಆ ಮಾತು ನಾಲಿಗೆ ತುದಿಗೆ ಬಂತು. ಆದರೆ ಹೇಳಿದರೆ ಏನಾಗುತ್ತದೆ? ಪಾರ್ವತಮ್ಮನವರ ಕಣ್ಣು ತಪ್ಪಿತು ಎಂದಂತಾಗುತ್ತದೆ. ಐಮಂಗಲದಲ್ಲಿ ಇದುವರೆಗೆ ಆ ಮಾತನ್ನು ಅವರಿಗೆ ಹೇಳಿದವರಿಲ್ಲ, ಅವರ ಯಜಮಾನರೂ ಹೇಳಿರಲಿಲ್ಲ. ಗಂಟಿನ ಮೇಲೆ ಅವರ ಕೈ ಹಾಗೇ ಇತ್ತು. ಮೂಲೆಯಲ್ಲಿ ಗಿರಿಜ ಕೆಮ್ಮಿದಳು.

‘ಹೂಂ ಅವ್ವಾ,’ ಎಂದೆ. ‘ಒಂಚೂರು ಬ್ಯಾರೇನೇ ಆಗೈತೆ. ಡಾಕ್ಟ್ರಮ್ಮ ಇನ್ನೂ ಚಿಕ್ಕೋರು.’

ಪಾರ್ವತಮ್ಮನವರ ಮುಖ ಅರಳಿತು. ‘ನಿಂಗೂ ಕಾಣ್ತೈತಲ್ಲ, ಹಂಗಾರೆ ನಿನ್ ಕಣ್ಣು ಸರಿಯಾಗೇ ಐತೆ ಬಿಡು’ ಎಂದು ಗಂಟು ಬಿಚ್ಚಿ ಸೀರೆಗಳನ್ನು ನನ್ನ ಮುಂದೆ ಸರಿಸಿದರು.

ಹೀಗೆ ನನ್ನ ಕಣ್ಣಿನ ಮರ್ಯಾದೆ ಉಳಿಯಿತು. ಏಳನೇ ವಯಸ್ಸಿನಲ್ಲಿ ಹುಟ್ಟಿ ಅಂದಿನಿಂದ ನನಗಾಗಿ ಕಡಿದ, ಜಗಿದ, ನಕ್ಕ ಹಲ್ಲನ್ನು ನಾನೇ ನನ್ನ ಬಾಯಾರೆ ನಕಲಿ ಎಂದು ಸಾರಿ, ಮೊನ್ನೆ ಬಂದ ಪಿಂಗಾಣಿಯನ್ನು ದೇವರ ಕೆಲಸವೆಂದು ಒಪ್ಪಿಕೊಂಡು, ಮೊದಲನೇ ಸೀರೆಯನ್ನು ಕೈಗೆತ್ತಿಕೊಂಡೆ.